ನನ್ನನ್ನು ಅರಿತ ಆ ಪ್ರೊಫೈಲ್ ನನ್ನ ಜೊತೆಗೇ ಬರಬೇಕು

ಯೂಟ್ಯೂಬ್‌ನಲ್ಲಿ ನನ್ನ ಬಗ್ಗೆ ಬೆಳೆದಿರುವ ಪ್ರೊಫೈಲ್, ಅಂದರೆ ನಾನು ನೋಡಿದ್ದನ್ನೆಲ್ಲ ಗಮನಿಸಿ ನನಗೆ ಏನಿಷ್ಟ ಅಂತ ಅದು ಊಹಿಸಿಟ್ಟುಕೊಂಡ ಚಿತ್ರ, ಅದರ ಮೇಲೆ ನನಗೆ ಪ್ರೀತಿ ಇದೆ. ಫ್ರಾಂಕ್‌ಫರ್ಟಿನಲ್ಲಿ ಜೊತೆಗೆ ಕೆಲಸ ಮಾಡುವ ಜರ್ಮನ್ನರಿಗೆ ಹೀಗೆ ಹೇಳಿದರೆ ಅವರಿಗೆ ಗಾಬರಿ. ಆದರೆ ನಾನು ಹೇಳುವುದು ನಿಜ. ಬೆಳಿಗ್ಗೆ ತೆರೆದರೆ ಮೂಡಿಗೆರೆಯ ಮಳೆ, ಕಾಳುಮೆಣಸಿನ ರೇಟು, ಒಂದು ತಾಳಮದ್ದಳೆ. ನುಗ್ಗೇಹಳ್ಳಿ ದೇವಸ್ಥಾನದಲ್ಲಿ ತನ್ನ ಹೆಸರು ಕೆತ್ತಿಟ್ಟ ಶಿಲ್ಪಿ ಮಲ್ಲಿತಮ್ಮನ ಬಗ್ಗೆ ಸುಮ್ನೆ ಒಂದು ವಿಡಿಯೊ ನೋಡಿದ್ದೆ, ಆಮೇಲೆ ಅದೇ ಶಿಲ್ಪಿಯ ಕೆಲಸ ಸೋಮನಾಥಪುರದಲ್ಲೂ ಇದೆ ಅಂತ ನನ್ನನ್ನು ಅಲ್ಲಿಯ ತನಕ ಕರೆದುಕೊಂಡು ಹೋಗಿದ್ದು ಈ ಪ್ರೊಫೈಲೇ. ಇದನ್ನೆಲ್ಲ ಮಾತಾಡೋಕೆ ಆಫೀಸಿನಲ್ಲಿ ನನಗೆ ಒಬ್ಬರೂ ಇಲ್ಲ.

ಜರ್ಮನ್ನರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸರ್ಕಾರವೇ ಜನರ ಪಟ್ಟಿ ಮಾಡಿಟ್ಟುಕೊಂಡರೆ ಏನಾಗುತ್ತದೆ ಅಂತ ಅವರು ಕಂಡವರು. ನಾನಿರುವ ಹೆಸ್ಸೆನ್ ರಾಜ್ಯ 1970ರಲ್ಲೇ ಡೇಟಾ ರಕ್ಷಣೆಗೆ ಕಾನೂನು ಮಾಡಿತು, ಜಗತ್ತಿನಲ್ಲೇ ಮೊದಲು. 1983ರಲ್ಲಿ ಅವರ ಸಂವಿಧಾನ ನ್ಯಾಯಾಲಯ ಜನಗಣತಿ ಕಾನೂನಿನ ಕೆಲವು ಭಾಗಗಳನ್ನು ತಳ್ಳಿಹಾಕಿ, ತನ್ನ ಮಾಹಿತಿ ಏನಾಗಬೇಕು ಅಂತ ತೀರ್ಮಾನಿಸುವ ಹಕ್ಕು ಆಯಾ ಮನುಷ್ಯನದು ಅಂತ ಹೇಳಿತು. 2010ರಲ್ಲಿ, ಬೀದಿಗಳ ಫೋಟೊ ತೆಗೆದು ಮ್ಯಾಪಿನಲ್ಲಿ ತೋರಿಸುವ ಗೂಗಲ್‌ನ ಸ್ಟ್ರೀಟ್ ವ್ಯೂ ಬಂದಾಗ ಎರಡು ಲಕ್ಷಕ್ಕೂ ಜಾಸ್ತಿ ಮನೆಯವರು ನಮ್ಮ ಮನೆ ಕಾಣದ ಹಾಗೆ ಮಸುಕು ಮಾಡಿ ಅಂತ ಕೇಳಿಕೊಂಡರು.

ನಾನು ಬೆಳೆದದ್ದು ಬೇರೆ ಥರ. ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ನಾವು ಬಾಯಿ ಬಿಡುವ ಮುಂಚೆಯೇ ಯಾವ ಬೀಜ ಎಷ್ಟು, ಚಿಕೋರಿ ಎಷ್ಟು, ಪುಡಿ ಎಷ್ಟು ನುಣ್ಣಗಿರಬೇಕು ಎಲ್ಲ ಅವರಿಗೆ ಗೊತ್ತಿರುತ್ತದೆ. ಮನೆಗೆ ನೆಂಟರು ಬಂದಿದ್ದಾರಾ ಅಂತ ನಾವು ತಗೊಳ್ಳುವ ಪುಡಿ ನೋಡಿಯೇ ಕೇಳುತ್ತಾರೆ. ಅದು ನಮಗೆ ಇಷ್ಟ ಅಲ್ವಾ? ಆದರೆ ಅವರು ಎಂಥವರು ಅಂತ ನಮಗೂ ಗೊತ್ತು. ನಾಳೆ ಬೇರೆ ಅಂಗಡಿಗೆ ಹೋದರೂ ನಮ್ಮ ಹದ ಏನು ಅಂತ ಒಂದೇ ಮಾತಲ್ಲಿ ಹೇಳಿ ಪುಡಿ ಮಾಡಿಸಿಕೊಳ್ಳಬಹುದು.

ಪ್ರೊಫೈಲ್ ವಿಷಯದಲ್ಲಿ ಇದೇ ಆಗುವುದಿಲ್ಲ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಡೇಟಾ ರಕ್ಷಣೆ ಕಾನೂನಿನ 20ನೇ ವಿಧಿ ನಮ್ಮ ಡೇಟಾವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಕೊಡುತ್ತದೆ. ನಾನು ಹುಡುಕಿದ್ದು, ನೋಡಿದ್ದು, ಕೇಳಿದ್ದು, ಎಲ್ಲದರ ಪಟ್ಟಿ ಸಿಗುತ್ತದೆ. ಆದರೆ ಅದರಿಂದ ಕಂಪನಿ ತಾನೇ ಊಹಿಸಿ ಕಟ್ಟಿದ ಪ್ರೊಫೈಲ್, ಅಂದರೆ ನನ್ನ ಅಭಿರುಚಿಯ ಆ ಚಿತ್ರ, ಈ ಹಕ್ಕಿನೊಳಗೆ ಬರುವುದಿಲ್ಲ. ಕೇಳಿ ನೋಡಬಹುದು, ಒಯ್ಯುವ ಹಾಗಿಲ್ಲ. ಬೀಜ ವಾಪಸ್ ಕೊಟ್ಟು ಹದ ತಾವೇ ಇಟ್ಟುಕೊಂಡ ಹಾಗಾಯ್ತು. ವರ್ಷಗಟ್ಟಲೆ ನನ್ನ ಹೊತ್ತು ಹಾಕಿ ಬೆಳೆಸಿದ್ದನ್ನು ನನ್ನದಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಜರ್ಮನ್ನರ ಒಂದು ರೀತಿ ಮಾತ್ರ ನಮ್ಮೂರಿಗೂ ಬರಬೇಕು. ಇಲ್ಲಿ ಒಬ್ಬೊಬ್ಬರ ಫೋನೂ ಅಕೌಂಟೂ ಬೇರೆ ಬೇರೆ. ಊರಿನ ನಮ್ಮ ಮನೆಯಲ್ಲಿ ಒಂದೇ ಫೋನು ಅಪ್ಪನಿಂದ ಅಣ್ಣನ ಮಗನ ತನಕ ಓಡಾಡುತ್ತದೆ. ಅದರಲ್ಲಿ ಅಪ್ಪನ ಮೆಣಸಿನ ರೇಟು ಇದೆ, ಮಗುವಿನ ಕಾರ್ಟೂನು ಇದೆ, ಅಮ್ಮನಿಗೆ ಇಷ್ಟವಾದ ದಾಸರ ಪದಗಳು ಮಾತ್ರ ಎಲ್ಲೋ ಕೆಳಗೆ ಸೇರಿ ಹೋಗಿವೆ. ಒಟ್ಟಿಗೆ ಇರುವುದು ಒಳ್ಳೆಯದೇ. ಆದರೂ ಅಮ್ಮನ ಇಷ್ಟಕ್ಕೂ ಒಂದು ಜಾಗ ಬೇಡವೇ? ಅದೇ ಫೋನಿನಲ್ಲಿ ಇನ್ನೊಂದು ಅಕೌಂಟ್ ಮಾಡಿಕೊಡೋದು ಕಷ್ಟವೇನಲ್ಲ, ಅಣ್ಣನಿಗೆ ಹೇಳಿದ್ದೇನೆ.

ಖಾಸಗಿತನ ಮೂಲಭೂತ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮಗೆ ಹೆಮ್ಮೆಯ ಸಂಗತಿ. ಆದರೆ ಡೇಟಾ ರಕ್ಷಣೆಗೆ ನಮ್ಮ ದೇಶದಲ್ಲಿ ತಂದ 2019ರ ಮಸೂದೆಯಲ್ಲಿದ್ದ ಡೇಟಾ ಒಯ್ಯುವ ಹಕ್ಕು, ಕೊನೆಗೆ ಬಂದ 2023ರ ಕಾಯ್ದೆಯಲ್ಲಿ ಇಲ್ಲ. ತಿದ್ದುವ, ಅಳಿಸುವ ಹಕ್ಕು ಇದೆ. ನನ್ನಂಥವರಿಗೆ ಅಳಿಸುವುದಲ್ಲ ಬೇಕಾದ್ದು, ಉಳಿಸಿಕೊಳ್ಳುವುದು. ಡೇಟಾ ಒಯ್ಯುವ ಹಕ್ಕನ್ನು ವಾಪಸ್ ಸೇರಿಸಬೇಕು, ಯುರೋಪು ಬಿಟ್ಟ ಆ ಊಹೆಯ ಪ್ರೊಫೈಲನ್ನೂ ಅದರೊಳಗೆ ತರಬೇಕು. ಇದನ್ನು ನಮ್ಮ ಸಂಸದರ ಹತ್ತಿರ ಕೇಳುವುದು ಅತಿಯಾಸೆ ಅಂತ ನನಗೆ ಅನಿಸುವುದಿಲ್ಲ.