ಐದು ಕಿಲೋದ ಯಜಮಾನ

ಕೊಪ್ಪಳದ ಗಂಜ್‌ನಲ್ಲಿ ಕಾಳುಕಡಿ ವ್ಯಾಪಾರ ಮಾಡುವವನಿಗೆ "ಐದು ಕಿಲೋಕ್ಕಿಂತ ಜಾಸ್ತಿ ಎತ್ತಬೇಡಿ" ಅಂದರೆ ಹೇಗಿರುತ್ತೆ ಹೇಳಿ. ನಮ್ಮ ಅಂಗಡಿಯಲ್ಲಿ ಐದು ಕಿಲೋ ಅಂದರೆ ಸ್ಯಾಂಪಲ್. ಗಿರಾಕಿ ಅದರಲ್ಲೇ ಒಂದು ಹಿಡಿ ತಗೊಂಡು, ಹಲ್ಲಿಗೆ ಹಾಕಿ ಕಡಿದು, "ಈ ಸಲ ಜ್ವಾಳ ಸಣ್ಣ ಐತಿ" ಅಂತ ಮುಖ ಸಿಂಡರಿಸಿ ಹೋಗುತ್ತಾನೆ. ವ್ಯಾಪಾರ ಅಂತ ಶುರುವಾಗುವುದೇ ಚೀಲದ ಲೆಕ್ಕದಲ್ಲಿ.

ಆದರೆ ನನ್ನ ಹಾಗೆ ಕಿಡ್ನಿ ಕಸಿ ಆದವರಿಗೆ ಮೊದಲ ಆರೆಂಟು ವಾರ ಇದೇ ಕಟ್ಟಳೆ. ಹಳೇ ಕಿಡ್ನಿ ತೆಗೆದು ಅದೇ ಜಾಗಕ್ಕೆ ಹೊಸದನ್ನು ಕೂರಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಳೆಯ ಎರಡನ್ನೂ ಸಾಮಾನ್ಯವಾಗಿ ಇದ್ದಲ್ಲೇ ಬಿಡುತ್ತಾರೆ. ಹೊಸದನ್ನು ಕೆಳಹೊಟ್ಟೆಯಲ್ಲಿ, ಹೆಚ್ಚಾಗಿ ಬಲಗಡೆ, ತೊಡೆಸಂದಿಯ ಸ್ವಲ್ಪ ಮೇಲೆ ಇಡುತ್ತಾರೆ. ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ. ಹೊಟ್ಟೆಯ ಹೊಲಿಗೆ ಒಳಗಿನಿಂದ ಗಟ್ಟಿಯಾಗುವ ಮುಂಚೆ ಭಾರ ಎತ್ತಿದರೆ ಹರ್ನಿಯಾ ಆಗಬಹುದು, ಅಂದರೆ ಒಳಗಿನ ಕರುಳು ಆ ಜಾಗದಲ್ಲಿ ಉಬ್ಬಿ ಹೊರಬರಬಹುದು.

ಇದನ್ನೆಲ್ಲ ನಮ್ಮ ಹಮಾಲರ ಹಿರಿಯನಿಗೆ ಬಿಡಿಸಿ ಹೇಳಿದೆ. ಅವನು ನನ್ನ ಹೊಟ್ಟೆ ನೋಡಿದ. ಮೂಲೆಯಲ್ಲಿದ್ದ ತೊಗರಿ ಚೀಲ ನೋಡಿದ. "ಅಲ್ರೀ ಸಾವ್ಕಾರ್ರ, ಮೂರು ಕಿಡ್ನಿ ಇಟ್ಕೊಂಡು ಒಂದು ಚೀಲ ಎತ್ತಾಂಗಿಲ್ಲಂದ್ರ ಹೆಂಗ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ತೂಗುವುದು ನಮ್ಮ ವೃತ್ತಿ ಅಲ್ವಾ. ಅಂಗಡಿಯ ಸಣ್ಣ ತೂಕದ ಯಂತ್ರ ಮನೆಗೆ ತರಿಸಿ ಒಂದೊಂದೇ ಸಾಮಾನು ಇಟ್ಟು ನೋಡಿದೆ. ಯಂತ್ರಕ್ಕೆ ಹತ್ತದ್ದನ್ನು ಲೆಕ್ಕ ಹಾಕಿದೆ. ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸೇ 14.2 ಕಿಲೋ, ಕಬ್ಬಿಣ ಸೇರಿ ಸುಮಾರು ಮೂವತ್ತು. ನೀರಿನ ಕ್ಯಾನ್ 20 ಲೀಟರ್, ಅಂದರೆ ಇಪ್ಪತ್ತು ಕಿಲೋ. ಒಗೆದ ಬಟ್ಟೆಯ ಬಕೆಟ್ ಆಗದು. ಹಿಟ್ಟಿನ ಡಬ್ಬಿ ಆಗದು. ತಮ್ಮನ ಮಗಳು ಹತ್ತು ಕಿಲೋ ದಾಟಿದ್ದಾಳೆ, ಅವಳೂ ಆಗದು. ಆದರೆ ಡಾಕ್ಟರ ಆದೇಶ ಅವಳಿಗೆ ತಲುಪಿರಲಿಲ್ಲ. ಎರಡೂ ಕೈ ಮೇಲೆತ್ತಿ ಎದುರಿಗೆ ನಿಲ್ಲುತ್ತಿದ್ದಳು. ಎತ್ತಿಕೊಳ್ಳದಿದ್ದರೆ ತಾನೇ ಹತ್ತಿ ಬರುತ್ತಿದ್ದಳು, ಅದೂ ಬಲಗಡೆಯಿಂದ. ಕೆಮ್ಮು ಬಂದಾಗ ಹೊಲಿಗೆಗೆ ಒತ್ತಿ ಹಿಡಿಯಲು ಅಂತ ಕೊಟ್ಟ ದಿಂಬನ್ನು ನಾನು ಹೆಚ್ಚಾಗಿ ಬಳಸಿದ್ದು ಅವಳ ದಾಳಿಗೆ ಗುರಾಣಿಯಾಗಿ.

ಕಿಡ್ನಿ ಕೊಟ್ಟವಳು ಅವ್ವ. ಅವಳಿಗೂ ಕೆಲವು ವಾರ ಭಾರ ಎತ್ತಬಾರದು ಅಂದಿದ್ದರು. ಆ ವಾರಗಳು ಮುಗಿದ ಮರುದಿನವೇ ಕೊಡ ಹಿಡಿದಳು. ನಲ್ಲಿ ನೀರು ಬಂದಾಗ ಓಣಿಯವರೆಲ್ಲ ಒಂದು ದೃಶ್ಯ ನೋಡುತ್ತಿದ್ದರು. ಕಿಡ್ನಿ ಕೊಟ್ಟವಳು ಸೊಂಟದಲ್ಲೊಂದು ಕೈಯಲ್ಲೊಂದು ಕೊಡ ಹಿಡಿದು ಮುಂದೆ, ಇಸಗೊಂಡವನು ಚೊಂಬು ಹಿಡಿದು ಹಿಂದೆ. ಗೊತ್ತಿಲ್ಲದ ಹೊಸಬರು "ಎಂಥಾ ಮಗಾ ಹುಟ್ಯಾನಪಾ" ಅಂತ ನನಗೆ ಕೇಳುವ ಹಾಗೇ ಅನ್ನುತ್ತಿದ್ದರು.

ಅವರನ್ನೂ ಬೈಯುವ ಹಾಗಿಲ್ಲ. ನನ್ನ ಮುಖ ಹಾಗಿತ್ತು. ದೇಹ ಹೊಸ ಕಿಡ್ನಿಯನ್ನು ಪರಕೀಯ ಅಂತ ಹೊರಗೆ ಹಾಕಬಾರದು, ಅದಕ್ಕೆ ಗುಳಿಗೆಗಳಿವೆ. ಅದರಲ್ಲಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಒಂದು. ಅದು ವಿಪರೀತ ಹಸಿವು ಕೊಡುತ್ತದೆ, ಮುಖವನ್ನು ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಮಾಡುತ್ತದೆ, ಅದೇ ಹೊತ್ತಿಗೆ ತೊಡೆಯ ಸ್ನಾಯುವನ್ನು ಸೊರಗಿಸುತ್ತದೆ. ಮೇಲೆ ಪೈಲ್ವಾನ, ಕೆಳಗೆ ಬಡಕಲ. ಡಯಾಲಿಸಿಸ್ ಕಾಲದಲ್ಲಿ ನನ್ನ ಬೂದಿ ಬಣ್ಣದ ಮುಖ ನೋಡಿ ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಿದ್ದರು. ಈಗ "ಮೈಕೈ ತುಂಬ್ಕೊಂಡೀರಿ, ಸ್ವಲ್ಪ ಈ ಟ್ರಂಕ್ ಮ್ಯಾಲ ಇಡ್ರಿ" ಅನ್ನುತ್ತಾರೆ.

ತೊಡೆಯ ನಿಜ ಬಯಲಾಗಿದ್ದು ನೆಂಟರ ಮನೆಯ ಗೃಹಪ್ರವೇಶದಲ್ಲಿ. ಜನಜಂಗುಳಿ ಬೇಡ ಅಂತ ಕೊನೆಯ ಸಣ್ಣ ಪಂಕ್ತಿಗೆ ಹೋಗಿದ್ದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕೂರುವುದು ಸಲೀಸು, ಭೂಮಿಯೇ ಎಳೆದುಕೊಳ್ಳುತ್ತದೆ. ಊಟ ಮುಗಿಯಿತು. ಎಲ್ಲರೂ ಎದ್ದರು. ನಾನು ಏಳಲು ನೋಡಿದೆ, ತೊಡೆ ಕೇಳಲೇ ಇಲ್ಲ. ಇನ್ನೂ ಕೂತಿದ್ದೇನೆ ಅಂದರೆ ಇನ್ನೂ ಹಸಿವಿದೆ ಅಂತ ಬಡಿಸುವ ಹುಡುಗನ ಲೆಕ್ಕ. ಮಾದಲಿ ಹಾಕಿದ. ಬೇಡ ಅಂದೆ. ನಮ್ಮ ಕಡೆ ಬೇಡ ಅಂದರೆ ನಾಚಿಕೆ ಅಂತ ಅರ್ಥ, ಇನ್ನೊಂದು ಸೌಟು ಹಾಕಿ ಮೇಲೆ ತುಪ್ಪ ಸುರಿದ. ಈ ಗುಳಿಗೆಗಳಿಂದ ಹೊಸದಾಗಿ ಸಕ್ಕರೆ ಕಾಯಿಲೆಯೂ ಬರಬಹುದು ಅಂತ ಅವನಿಗೆ ಹೇಗೆ ಹೇಳುವುದು, ಆ ಸೌಟಿನ ಎದುರಿಗೆ? ಕೊನೆಗೆ ನಮ್ಮ ಹಮಾಲರ ಹಿರಿಯನೇ ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಕಂಕುಳಿಗೆ ಕೈ ಹಾಕಿ "ಹೈಸಾ" ಅಂದರು. ಎಷ್ಟೋ ವರ್ಷ ನನ್ನ ಚೀಲ ಎತ್ತಿದವರು ಅಂದು ಚೀಲದ ಮಾಲೀಕನನ್ನೇ ಎತ್ತಿ ನಿಲ್ಲಿಸಿದರು. ಕೂಲಿ ಕೇಳಲಿಲ್ಲ. ಆ ಮಾತನ್ನು ಮಾತ್ರ ಗಂಜ್ ತುಂಬ ಹಂಚಿದರು.

ಫಿಜಿಯೋಥೆರಪಿಯ ಹುಡುಗಿಗೆ ಇದನ್ನು ಹೇಳಿದರೆ ಅವಳು ನಗಲಿಲ್ಲ. ಒಂದು ಗಟ್ಟಿ ಕುರ್ಚಿ ತೋರಿಸಿದಳು. ಎದೆಗೆ ಕೈ ಕಟ್ಟಿ ಏಳಿ, ನಿಧಾನ ಕೂರಿ. ಕೈ ಊರಬಾರದು. ಇಷ್ಟೇನಾ ಅಂದೆ. ಸ್ವಲ್ಪ ಹೊತ್ತಿನಲ್ಲೇ ಉತ್ತರ ತೊಡೆ ಹೇಳಿತು. "ಏಳುವಾಗ ಉಸಿರು ಹಿಡೀಬೇಡಿ, ಹೊರಗೆ ಬಿಡಿ" ಅಂದಳು. ಉಸಿರು ಬಿಗಿಹಿಡಿದು ಮುಕ್ಕಿದರೆ ಹೊಟ್ಟೆಯೊಳಗಿನ ಒತ್ತಡವೂ ಏರುತ್ತದೆ, ಬಿಪಿಯೂ ಏರುತ್ತದೆ. ಅಂಗಡಿಗೆ ಬಂದು ಈ ವಿದ್ಯೆಯನ್ನು ಹೇಳಿದೆ. ಹಮಾಲರ ಹಿರಿಯ ಬೀಡಿ ಆರಿಸಿದ. "ಮತ್ತ ನಾವು ಹೈಸಾ ಅಂತ ಯಾಕ ಒದರ್ತೀವಿ ಅಂದ್ಕೊಂಡ್ರಿ? ಬಾಯಿ ಮುಚ್ಕೊಂಡು ಎತ್ತಿದಾವ್ರು ಯಾರೂ ಉಳದಿಲ್ರೀ ಇಲ್ಲಿ." ಆ ಹುಡುಗಿ ಇದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿತಿದ್ದಾಳೆ ಅನ್ನುವುದನ್ನು ಅವನಿಗೆ ಹೇಳಲಿಲ್ಲ, ಅವನು ಫೀಸು ಎಷ್ಟು ಅಂತ ಕೇಳಿಬಿಡುತ್ತಿದ್ದ.

ಅವಳು ಕೊಟ್ಟ ಹಾಳೆಯಲ್ಲಿ ನನಗೆ ಬಹಳ ಹಿಡಿಸಿದ್ದು ಯಾವಾಗ ವ್ಯಾಯಾಮ ಮಾಡಬಾರದು ಅನ್ನುವ ಭಾಗ. ಜ್ವರ 100 ಡಿಗ್ರಿ ದಾಟಿದರೆ, ಕಸಿಯ ಜಾಗದಲ್ಲಿ ನೋವಿದ್ದರೆ, ಮೂತ್ರ ಕಡಿಮೆಯಾದರೆ, ಕಾಲು ಬಾತು ತೂಕ ಒಮ್ಮೆಲೇ ಏರಿದರೆ ವ್ಯಾಯಾಮ ನಿಲ್ಲಿಸಿ ಮೊದಲು ಡಾಕ್ಟರಿಗೆ ಫೋನ್ ಮಾಡಬೇಕು. ಕಿಡ್ನಿಯನ್ನು ದೇಹ ತಿರಸ್ಕರಿಸುತ್ತಿರುವ ಸೂಚನೆ ಅದಾಗಿರಬಹುದು. ತಮಾಷೆಯ ಮಾತಲ್ಲ. ಆದರೂ ಬೆಳಗಿನ ಐದೂವರೆಗೆ, ಚಳಿಯಲ್ಲಿ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಮನುಷ್ಯನ ಮನಸ್ಸು ಒಂಥರಾ. ಪ್ರತಿ ಸಲ 98 ಚಿಲ್ಲರೆ. ಎದ್ದು ಬೂಟು ಹಾಕಿಕೊಳ್ಳಲೇಬೇಕು.

ನಡಿಗೆ ಗವಿಮಠದ ಕಡೆಗೆ. ಮೊದಲು ಮನೆಯ ಅಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಆಮೇಲೆ ಸ್ವಲ್ಪ ಸ್ವಲ್ಪ ಏರಿಸುತ್ತ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆಗೆ ಮುಟ್ಟಬೇಕು. ವೇಗಕ್ಕೊಂದು ಸುಲಭ ಅಳತೆ ಇದೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲು ಬಂದರೆ ನಿಧಾನವಾಯಿತು, ಮಾತು ನಿಂತರೆ ಜೋರಾಯಿತು. ಪರೀಕ್ಷೆಗೆ ಅಂತ ನಡುನಡುವೆ ಒಂದು ಭಜನೆ ಪದ ಶುರು ಮಾಡಿ, ಉಸಿರು ಸಾಲದೆ ಬಿಟ್ಟು, ಸಂತೋಷದಿಂದ ತಲೆ ಆಡಿಸುತ್ತಿದ್ದೆ. ಆಪರೇಷನ್ ಆಗಿದ್ದು ಕಿಡ್ನಿದೋ ತಲೆದೋ ಅಂತ ಹಾಲಿನವನು ಅವ್ವನನ್ನು ವಿಚಾರಿಸಿದನಂತೆ.

ಜೊತೆಗೆ ನಿವೃತ್ತ ಮಾಸ್ತರರೊಬ್ಬರು ಇರುತ್ತಿದ್ದರು. ಅವರಿದ್ದರೆ ಮಾತಿನ ಪರೀಕ್ಷೆ ಸಾಧ್ಯವಿಲ್ಲ, ನಮಗೆ ಮಾತಾಡಲು ಬಿಟ್ಟರಲ್ವಾ? ಗವಿಮಠದ ಬೆಟ್ಟದಲ್ಲೂ ಹತ್ತಿರದ ಪಾಲ್ಕಿಗುಂಡು ಬೆಟ್ಟದಲ್ಲೂ ಅಶೋಕನ ಶಾಸನ ಇದೆ. ಅದನ್ನು ಅವರು ದಿನಾ ಹೇಳುತ್ತಿದ್ದರು. ಬೌದ್ಧ ಉಪಾಸಕನಾದ ಮೇಲೆ ಮೊದಲ ವರ್ಷ ತಾನು ಅಷ್ಟೇನೂ ಶ್ರಮ ಪಡಲಿಲ್ಲ, ಆಮೇಲೆ ಚೆನ್ನಾಗಿ ಶ್ರಮಪಟ್ಟೆ, ಶ್ರಮಪಟ್ಟರೆ ದೊಡ್ಡವರಷ್ಟೇ ಅಲ್ಲ ಸಣ್ಣವರೂ ಫಲ ಪಡೆಯಬಹುದು ಅಂತ ಅಶೋಕ ಅದರಲ್ಲಿ ಬರೆಸಿದ್ದಾನೆ. ಚಕ್ರವರ್ತಿ ಹೇಳಿದ್ದು ಧರ್ಮದ ವಿಷಯ. ಮಾಸ್ತರರು ಮಾತ್ರ ಅದನ್ನು ಸೀದಾ ನನ್ನ ತೊಡೆಗೆ ಅನ್ವಯಿಸುತ್ತಿದ್ದರು. "ಅವನಿಗೇ ಒಂದು ವರ್ಷ ಹಿಡೀತು. ನಡೀರಿ."

ಇನ್ನು ನೀರಿನ ಕಥೆ. ಡಯಾಲಿಸಿಸ್‌ನಲ್ಲಿದ್ದಾಗ ದಿನಕ್ಕೆ ಒಂದು ಲೀಟರ್ ಒಳಗೇ ಇರಬೇಕಿತ್ತು, ಐಸ್ ತುಂಡು ಚೀಪಿ ಬೇಸಿಗೆ ಕಳೆದವನು ನಾನು. ಈಗ ಎರಡೂವರೆ ಮೂರು ಲೀಟರ್ ಕುಡಿ ಅನ್ನುತ್ತಾರೆ. ಕುಡಿಯುವುದು ಹಬ್ಬ. ಆದರೆ ವರ್ಷಗಟ್ಟಲೆ ಕೆಲಸವಿಲ್ಲದೆ ಕೂತ ಮೂತ್ರಕೋಶ ಕುಗ್ಗಿರುತ್ತದೆ. ಹೊಸ ಕಿಡ್ನಿಯ ಹುಮ್ಮಸ್ಸಿಗೆ ಅದು ಸಾಲದು. ಹಾಗಾಗಿ ನನ್ನ ವಾಕಿಂಗ್ ದಾರಿಯನ್ನು ನಿರ್ಧರಿಸಿದ್ದು ಗಾಳಿಯೂ ಅಲ್ಲ, ಕೆರೆಯೂ ಅಲ್ಲ. ಊರಿನ ಶೌಚಾಲಯಗಳು. ಯಾವುದು ಎಷ್ಟು ಹೊತ್ತಿಗೆ ತೆಗೆಯುತ್ತದೆ, ಯಾವುದರ ಚಿಲಕ ಮುರಿದಿದೆ, ಯಾರ ಹತ್ತಿರ ಚಿಲ್ಲರೆ ಇರಲ್ಲ, ನನ್ನನ್ನು ಕೇಳಿ.

ಬಿಸಿಲಿಗೂ ಹುಷಾರಾಗಿರಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ತಿನ್ನುವವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಜಾಸ್ತಿ. ಕೊಪ್ಪಳದ ಬಿಸಿಲಂತೂ ಏಳು ಗಂಟೆಗೇ ಹಾಜರಿ ಹಾಕುತ್ತದೆ. ತುಂಬುತೋಳಿನ ಅಂಗಿ, ಅಗಲ ಟೊಪ್ಪಿಗೆ, ಕಪ್ಪು ಕನ್ನಡಕ, ಧೂಳಿಗೆ ಮಾಸ್ಕ್. ಈ ವೇಷದಲ್ಲಿ ಎಟಿಎಂಗೆ ಹೊಕ್ಕೆ. ಕಾವಲಿನ ಅಜ್ಜ ಲಾಠಿ ಹಿಡಿದು ಎದ್ದು ನಿಂತ. ಮಾಸ್ಕ್ ಇಳಿಸಿದೆ, ದುಂಡು ಮುಖ ಕಂಡಿತು, "ಓ, ತುಂಬಿದ ಮನಿಯವ್ರು" ಅಂತ ಕೂತ.

ವ್ಯಾಯಾಮಕ್ಕೆ ಎಳೆಯುವ ಉದ್ದನೆಯ ರಬ್ಬರ್ ಬ್ಯಾಂಡಿನದು ಬೇರೆ ಗೋಳು. ಒಂದು ತುದಿ ಬಾಗಿಲ ಹಿಡಿಕೆಗೆ ಕಟ್ಟಿ, ಇನ್ನೊಂದನ್ನು ನಿಧಾನ ಎದೆಯ ಕಡೆಗೆ ಎಳೆಯಬೇಕು. ಬಾಗಿಲು ಹಾಕಿರಬೇಕು ಅನ್ನುವುದು ಇದರ ಜೀವಾಳ. ನಾನು ಪೂರ್ತಿ ಎಳೆದ ಗಳಿಗೆಗೆ ಸರಿಯಾಗಿ ಅವ್ವ ಆಚೆಯಿಂದ ಬಾಗಿಲು ದೂಡಿದಳು, ಕೈಯಲ್ಲಿ ಚಹಾ. ನಾನು ಹಿಂದಿನ ಹಾಸಿಗೆಯ ಮೇಲೆ ಕೂತಿದ್ದೆ. ಚಹಾ ಒಂದು ಹನಿ ಚೆಲ್ಲಲಿಲ್ಲ. "ಎದ್ದು ಕೂತು ಮಾಡೂದು ಕುರ್ಚಿ ಮ್ಯಾಲ ಅಂದಿದ್ಯಲ್ಲ?" ಅಂದಳು.

ಇಷ್ಟರಲ್ಲಿ ಅಳಿಯ ಮೊಬೈಲ್ ತಂದು ತೋರಿಸಿದ. ಅಂಗಾಂಗ ಕಸಿ ಆದವರಿಗೇ ಜಾಗತಿಕ ಕ್ರೀಡಾಕೂಟ ಇದೆ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಯಿತು. ಓಡುತ್ತಾರೆ, ಈಜುತ್ತಾರೆ, ಸೈಕಲ್ ಹೊಡೆಯುತ್ತಾರೆ. "ಮಾವಾ, ನೀನೂ ಹೋಗು" ಅಂದ. ಅವನ ಸ್ನೇಹಿತರು ಕಬಡ್ಡಿಯಲ್ಲಿ ಹೆಸರು ಕೊಡಿಸಲು ಹೊರಟಿದ್ದರು. ಹೊಟ್ಟೆಗೆ ಪೆಟ್ಟು ಬೀಳುವ ಆಟಗಳು ನಮಗೆ ಬೇಡ, ಕಬಡ್ಡಿ ಕುಸ್ತಿ ಎರಡೂ ದೂರ. ಅದು ಹೇಳದಿದ್ದರೂ ನಡೆಯುತ್ತಿತ್ತು, ನನ್ನ ಆಟ ನೋಡಿದವರು ಯಾರೂ ತಂಡಕ್ಕೆ ಕರೆದವರಲ್ಲ.

ನಿಜವಾದ ಗಂಡಾಂತರ ಬಂದಿದ್ದು ಚಿಗವ್ವನಿಂದ. ನಾನು ಆಪರೇಷನ್ ಕೋಣೆಯಲ್ಲಿದ್ದಾಗ ಅವಳು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಳು. ಮಗ ಉಳಿದು ಬಂದರೆ ಹುಲಿಗಿಯಲ್ಲಿ ದೀಡ ನಮಸ್ಕಾರ ಹಾಕಿಸುತ್ತೇನೆ. ಹಾಕುವವನು ಯಾರು? ಉಳಿದು ಬಂದವನೇ. ತುಂಗಭದ್ರೆಯಲ್ಲಿ ಮುಳುಗಬೇಕು, ಒದ್ದೆ ಬಟ್ಟೆಯಲ್ಲಿ ಬೋರಲು ಮಲಗಬೇಕು, ಕೈ ಚಾಚಿ ಗುರುತು ಹಾಕಬೇಕು, ಎದ್ದು ಅಲ್ಲಿಗೆ ನಡೆದು ಮತ್ತೆ ಮಲಗಬೇಕು, ಗುಡಿಯವರೆಗೆ. ಹುಣ್ಣಿಮೆ ದಿನ, ಆ ಜನರ ನಡುವೆ. ಕಸಿ ಆದವನು ಹೊಳೆ ನೀರು, ಗದ್ದಲ, ಹೊಟ್ಟೆಯ ಮೇಲೆ ಒತ್ತಡ ಮೂರನ್ನೂ ತಪ್ಪಿಸಬೇಕು. ಚಿಗವ್ವ ಮೂರನ್ನೂ ಒಂದೇ ಹರಕೆಯಲ್ಲಿ ಕಟ್ಟಿಕೊಟ್ಟಿದ್ದಳು.

ಡಾಕ್ಟರು ಆಗಲ್ಲ ಅಂದರು. ಚಿಗವ್ವ, ಡಾಕ್ಟರು ದೇವಿಗೆ ಹೇಳಲಿ ಅಂದಳು. ವಾರಗಟ್ಟಲೆ ಪಂಚಾಯಿತಿ ನಡೆಯಿತು. ಕೊನೆಗೆ ಮನೆಯ ಹಿರಿಯರೆಲ್ಲ ಸೇರಿ, ಬೇಡಿಕೊಂಡ ಬಾಯಿ ಯಾರದೋ ಅವರೇ ತೀರಿಸಿದರೂ ನಡೆಯುತ್ತದೆ ಅಂತ ತೀರ್ಪು ಕೊಟ್ಟರು. ಚಿಗವ್ವನ ಮುಖ ನೋಡಬೇಕಿತ್ತು.

ಹುಣ್ಣಿಮೆ ಬಿಟ್ಟು, ಜನ ಕಡಿಮೆ ಇರುವ ಒಂದು ಬೆಳಿಗ್ಗೆ ಹೋದೆವು. ಚಿಗವ್ವ ಹೊಳೆಯಲ್ಲಿ ಮಿಂದು ಶುರು ಮಾಡಿದಳು. ನಾನು ಟೊಪ್ಪಿಗೆ, ಕನ್ನಡಕ, ಮಾಸ್ಕ್ ಹಾಕಿ ಪಕ್ಕದಲ್ಲಿ ನಡೆದೆ. ಕೈಯಲ್ಲಿ ಅವಳ ನೀರಿನ ಬಾಟಲಿ ಮತ್ತು ಟವಲ್, ಐದು ಕಿಲೋದ ಒಳಗೆ. ಅವಳು ಮಲಗಿ ಏಳುವಾಗೆಲ್ಲ "ಉಸಿರು ಹಿಡೀಬ್ಯಾಡ ಚಿಗವ್ವ, ಹೊರಗ ಬಿಡು" ಅಂತ ಹೇಳುತ್ತಿದ್ದೆ. ಅರ್ಧ ದಾರಿಗೆ ಅವಳು ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕೈಯಿಂದ ಬಾಟಲಿ ಕಸಿದುಕೊಂಡಳು.

"ಇನ್ನೊಮ್ಮೆ ನಿನಗ ಏನರ ಆದ್ರ ಬರೇ ಒಂದು ಟೆಂಗಿನಕಾಯಿ ನೋಡು. ಅದೂ ಸಣ್ಣದು."