ಕುದುರೆ ಕಾಲಿನ ಕುಂಟೆಬಿಲ್ಲೆ

ಕಳೆದ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೋಗಿದ್ದೆ. ನಯಾಗರ ಆಯಿತು, ಸ್ವಾತಂತ್ರ್ಯ ದೇವಿಯ ಪಾದದ ಬಳಿ ಫೋಟೊ ಆಯಿತು, ದೇವಸ್ಥಾನದ ಕ್ಯಾಂಟೀನಿನ ದೋಸೆಯೂ ಆಯಿತು. ಇನ್ನೇನು ತೋರಿಸುವುದೆಂದು ತಲೆ ಕೆರೆದುಕೊಂಡ ಭಾವ ಒಂದು ಸಂಜೆ, "ಬಾರಯ್ಯ, ಕುದುರೆಗಾಡಿ ರೇಸ್ ನೋಡ್ಕೊಂಡು ಬರೋಣ. ನಿಮ್ಮಕ್ಕನಿಗೆ ವಾಕಿಂಗ್ ಅಂತ ಹೇಳು" ಎಂದರು.

ನಮ್ಮ ಬೆಂಗಳೂರಿನ ರೇಸಿನ ಹಾಗಲ್ಲ ಇದು. ಕುದುರೆಯ ಬೆನ್ನ ಮೇಲೆ ಯಾರೂ ಇರುವುದಿಲ್ಲ. ಹಿಂದೆ ಸಲ್ಕಿ ಎಂಬ ಎರಡು ಚಕ್ರದ ಹಗುರ ಬಂಡಿ, ಅದರಲ್ಲಿ ಆರಾಮಕುರ್ಚಿಯಲ್ಲಿ ಕೂತಂತೆ ಕಾಲು ಚಾಚಿಕೊಂಡ ಚಾಲಕ. ಓಡುವ ತಳಿಯ ಹೆಸರು ಸ್ಟ್ಯಾಂಡರ್ಡ್‌ಬ್ರೆಡ್. ಒಂದು ಮೈಲಿಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕೆಂದು 1879ರಲ್ಲಿ ಇಟ್ಟ ಅಳತೆಗೋಲಿನಿಂದ ಆ ಹೆಸರು ಬಂತು. ಅಂದರೆ ಈ ಕುದುರೆಗೆ ನಾಮಕರಣ ಮಾಡಿದ್ದೇ ಗಡಿಯಾರ. 2022ರ ಜುಲೈನಲ್ಲಿ ಮೆಡೋಲ್ಯಾಂಡ್ಸ್ ಮೈದಾನದಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಕುದುರೆ ಅದೇ ಮೈಲಿಯನ್ನು 1 ನಿಮಿಷ 45.8 ಸೆಕೆಂಡಿನಲ್ಲಿ ಮುಗಿಸಿತು. ಮುಕ್ಕಾಲು ನಿಮಿಷ ಉಳಿತಾಯ! ಉಳಿದ ಆ ಮುಕ್ಕಾಲು ನಿಮಿಷದಲ್ಲಿ ಯಾರಾದರೂ ಒಮ್ಮೆ ಬಗ್ಗಿ ಕುದುರೆಯ ಕಾಲು ನೋಡಬಹುದು. ನೋಡುವುದು ಯಾರ ಕೆಲಸ ಎನ್ನುವುದೊಂದೇ ತಕರಾರು.

ನಾವು ಹೋದ ಮೈದಾನದ ಹೆಸರು ಬೇಡ. ಓಟಕ್ಕೆ ಮುಂಚೆ ಕುದುರೆಗಳು ಮೈ ಬಿಸಿ ಮಾಡಿಕೊಳ್ಳಲು ಸುತ್ತು ಬರುತ್ತಿದ್ದವು. ಆರನೇ ನಂಬರಿನದು ಹೆಜ್ಜೆಗೊಮ್ಮೆ ತಲೆಯಾಡಿಸುತ್ತಿತ್ತು. ನಮ್ಮಜ್ಜನ ಮನೆಯ ಎತ್ತಿಗೆ ಗೊರಸಿನಲ್ಲಿ ಮುಳ್ಳು ಹೊಕ್ಕಾಗ ಅದು ಹೀಗೇ ತಲೆಯಾಡಿಸುತ್ತಿತ್ತು. "ಭಾವ, ಅದು ಕುಂಟ್ತಾ ಇದೆ" ಎಂದೆ. "ಅದರ ಸ್ಟೈಲೇ ಹಾಗೆ ಕಣೋ" ಎಂದರು.

ರೆಕ್ಕೆ ಬಿಚ್ಚಿದ ಹಾಗಿರುವ ಒಂದು ಕಾರು ಮುಂದೆ ಹೊರಟಿತು. ಅದರ ಬೆನ್ನಿಗೆ ಕುದುರೆಗಳು ಸಾಲಾಗಿ ಹೊರಟವು, ಕಾರು ಪಕ್ಕಕ್ಕೆ ಸರಿಯಿತು, ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಆರನೆಯದು ಎಲ್ಲರಿಗಿಂತ ಹಿಂದೆ, ಗಂಧ ಹಚ್ಚಿಸಿಕೊಳ್ಳದ ಬೀಗರಂತೆ ಮುಖ ಮಾಡಿಕೊಂಡು ಬಂತು. "ಪಾಪ, ಯಾರ ಕುದುರೆ ಭಾವ ಅದು?" ಎಂದು ಕೇಳಿದೆ.

"ಓಟಕ್ಕೆ ಮುಂಚೆ ಯಾರದು ಅಂತ ಕೇಳ್ತಿದೀಯೋ, ಈಗ ಯಾರದು ಅಂತಲೋ?" ಎಂದರು ಭಾವ.

ತಮಾಷೆ ಅಂದುಕೊಂಡೆ. ತಮಾಷೆಯೇ, ಆದರೆ ಭಾವನದಲ್ಲ, ಕಾನೂನಿನದು. 'ಕ್ಲೇಮಿಂಗ್' ಎನ್ನುವ ಓಟಗಳಲ್ಲಿ ಓಡುವ ಪ್ರತಿ ಕುದುರೆಗೂ ಬೆಲೆ ಬರೆದಿರುತ್ತದೆ. ಬೇಕಾದವರು ಓಟಕ್ಕೆ ಮುಂಚೆ ಹಣ ಕಟ್ಟಿ ಚೀಟಿ ಹಾಕಬಹುದು. ಇಬ್ಬರು ಹಾಕಿದರೆ ಚೀಟಿ ಎತ್ತುತ್ತಾರೆ, ನಮ್ಮಲ್ಲಿ ಸೈಟು ಹಂಚಿದ ಹಾಗೆ. ಓಟ ಶುರುವಾದ ಕ್ಷಣದಿಂದ ಕುದುರೆ ಹೊಸ ಯಜಮಾನನದು. ಹಳೆಯ ನಿಯಮದ ಮಾತು ಸ್ಪಷ್ಟವಾಗಿದೆ: ಕುದುರೆ ಬದುಕಿರಲಿ, ಸತ್ತಿರಲಿ, ನೆಟ್ಟಗಿರಲಿ, ಕುಂಟಾಗಿರಲಿ, ಓಟದ ನಡುವೆಯೇ ಪೆಟ್ಟು ಮಾಡಿಕೊಂಡಿರಲಿ, ಅದು ಕೊಂಡವನದೇ. ಆದರೆ ಆ ಓಟದ ಬಹುಮಾನ ಬಂದರೆ ಅದು ಮಾತ್ರ ಹಳೇ ಯಜಮಾನನಿಗೆ. ಎರಡು ನಿಮಿಷ ಕುದುರೆಯ ಮುಂಭಾಗ ಒಬ್ಬನದು, ಹಿಂಗಾಲು ಇನ್ನೊಬ್ಬನದು! ಕಾಲು ಉಳುಕಿದ್ದು ಮೊದಲ ತಿರುವಿನಲ್ಲೋ ಕೊನೆಯದರಲ್ಲೋ, ಮನೆಯಿಂದಲೇ ಉಳುಕಿಸಿಕೊಂಡು ಬಂದಿತ್ತೋ, ಅದು ಕುದುರೆಗೆ ಗೊತ್ತು. ಅದರ ಹೇಳಿಕೆ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಕುಂಟಿದ ಕುದುರೆಯ ವ್ಯಾಪಾರ ರದ್ದು ಮಾಡಲು ಈಚೆಗೆ ಕೆಲವು ಕಡೆ ಅವಕಾಶ ಕೊಟ್ಟಿದ್ದಾರೆ. ಹಾಗೆ ರದ್ದಾದರೆ ಕುದುರೆ ವಾಪಸು ಹೋಗುವುದು ಅದನ್ನು ಕುಂಟಿಸಿದವನ ಲಾಯಕ್ಕೇ.

ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ ಕುಂಟೆಬಿಲ್ಲೆ ನೆನಪಾಯಿತು. ನೆಲದ ಮೇಲೆ ಚೌಕಾಕಾರದ ಮನೆಗಳು; ಬಿಲ್ಲೆ ಬಿದ್ದ ಮನೆಗೆ ಕಾಲಿಡುವ ಹಾಗಿಲ್ಲ, ಹಾರಿ ದಾಟಬೇಕು. ಇಲ್ಲಿ ಬಿಲ್ಲೆಯ ಹೆಸರು ಹೊಣೆ. ಆಡುವವರ ಕಾಲೆಲ್ಲ ಗಟ್ಟಿಯಾಗಿವೆ. ಕುಂಟುವ ಕೆಲಸವನ್ನು ಕುದುರೆಗೆ ಗುತ್ತಿಗೆ ಕೊಟ್ಟಿದ್ದಾರೆ.

ನಿಯಮದ ಪುಸ್ತಕ ತೆರೆದರೆ ಬಿಲ್ಲೆ ಟ್ರೇನರ್ ಮನೆಯಲ್ಲೇ ಬಿದ್ದಿದೆ. ಕುದುರೆಯ ಸ್ಥಿತಿಗೆ ಆತನೇ ಸಂಪೂರ್ಣ ಜವಾಬ್ದಾರ, ಯಾರು ಏನೇ ಮಾಡಿರಲಿ ಉತ್ತರ ಕೊಡಬೇಕಾದವನು ಆತನೇ ಎಂದು ಬರೆದಿದ್ದಾರೆ. ಓದಿದರೆ ಕಣ್ಣು ತುಂಬಿ ಬರುತ್ತದೆ. ಮುಂದಿನ ಪುಟದಲ್ಲಿ ಇನ್ನೊಂದು ನಿಯಮ: ಅಮಾನತಾದ ಟ್ರೇನರ್ ತನ್ನ ಕುದುರೆಗಳನ್ನು ಹೆಂಡತಿಯ ಹೆಸರಿಗೆ ಮಾಡುವಂತಿಲ್ಲ. ಹೀಗೊಂದು ನಿಯಮ ಬರೆಯಬೇಕಾಯಿತು ಎಂದರೆ ಹಿಂದೆ ಏನು ನಡೆದಿರಬೇಕೆಂದು ಬೇನಾಮಿ ಜಮೀನಿನ ನಾಡಿನಿಂದ ಬಂದ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲೂ ನಮ್ಮವರಿದ್ದಾರೆ ಎಂದು ಒಂದು ಕ್ಷಣ ಹೆಮ್ಮೆಯೇ ಆಯಿತು.

ಇನ್ನು ಚಾಲಕ. ಅವನು ಒಂದೇ ರಾತ್ರಿ ಹತ್ತು ಲಾಯದ ಹತ್ತು ಕುದುರೆ ಓಡಿಸುವ ಬಾಡಿಗೆ ಬಂಟ. ಕುದುರೆಯ ಪರಿಚಯ ಆಗುವುದು ಲಗಾಮು ಕೈಗೆ ಬಂದಾಗ, ಅದೂ ಹಿಂಭಾಗದಿಂದ. ಅವನ ನಿಗಾ ಎಲ್ಲ ನಡಿಗೆಯ ಮೇಲೆ. ಈ ಆಟದಲ್ಲಿ ಕುದುರೆ ನಾಗಾಲೋಟಕ್ಕೆ ಬೀಳಬಾರದು, ಟ್ರಾಟ್ ಅಥವಾ ಪೇಸ್ ಎಂಬ ಗೊತ್ತುಪಡಿಸಿದ ಹೆಜ್ಜೆಯಲ್ಲೇ ಓಡಬೇಕು. ತಪ್ಪಿ ನಾಗಾಲೋಟ ಓಡಿದರೆ ಹಿಂದಕ್ಕೆಳೆದು ಹೆಜ್ಜೆ ಸರಿಪಡಿಸಬೇಕು, ಇಲ್ಲವಾದರೆ ಶಿಕ್ಷೆ. ದೇವರು ಕುದುರೆಗೆ ಕೊಟ್ಟ ಓಟ ಅಪರಾಧ! ಪೇಸ್ ಓಟದ ಬಹುತೇಕ ಕುದುರೆಗಳಿಗಂತೂ ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಏಳಲೆಂದು ಹಾಬಲ್ ಎಂಬ ಪಟ್ಟಿ ತೊಡಿಸುತ್ತಾರೆ. ಪಟ್ಟಿಯೊಳಗೆ ಕುಂಟಿದರೂ ತಾಳ ತಪ್ಪದೆ ಕುಂಟಬೇಕು.

ಅತಿ ಚೆಂದದ ಮನೆ ಎಂದರೆ ವೈದ್ಯರದು. ಕುಂಟುವುದನ್ನು ಅಳೆಯಲು ಅಮೆರಿಕದ ಕುದುರೆ ವೈದ್ಯರು ಸೊನ್ನೆಯಿಂದ ಐದರವರೆಗೆ ಅಂಕ ಇಟ್ಟಿದ್ದಾರೆ. ಒಂದು ಎಂದರೆ ಕಷ್ಟಪಟ್ಟು ನೋಡಿದರೂ ಒಮ್ಮೆ ಕಂಡೀತು ಒಮ್ಮೆ ಕಾಣದು. ಐದು ಎಂದರೆ ಕಾಲು ಊರುವುದೇ ಕಷ್ಟ. ಕಂಡರೆ ನಿಲ್ಲಿಸಬೇಕು. ಹಾಗಾಗಿ ಕಾಣದಂತೆ ಮಾಡುವುದೂ ಒಂದು ಶಾಸ್ತ್ರವಾಗಿ ಬೆಳೆದಿದೆ. ಕೀಲಿಗೊಂದು ಇಂಜೆಕ್ಷನ್, ನೋವಿಗೊಂದು ಪುಡಿ. ಆಯಾಸ ತಡೆಯಲು ಮೂಗಿನ ನಳಿಗೆಯಲ್ಲಿ ಅಡುಗೆ ಸೋಡಾ ಇಳಿಸುವ ಕಳ್ಳ ಪದ್ಧತಿಯೂ ಇದೆ. ಅದಕ್ಕೆ ಅಲ್ಲಿಯವರು 'ಮಿಲ್ಕ್‌ಶೇಕ್' ಎಂದು ಮುದ್ದಿನ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಬೋಂಡಾ ಉಬ್ಬಿಸುವ ಸೋಡಾ ಅಲ್ಲಿ ಕುದುರೆ ಓಡಿಸುತ್ತದೆ.

ಯಾವುದಕ್ಕೂ ಬಗ್ಗದ ಪಾದದ ನೋವಿಗೆ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ನೋವು ಎನ್ನುವುದು ಕಾಲು ಬರೆದುಕೊಂಡ ಅರ್ಜಿ ತಾನೆ? ಅರ್ಜಿ ವಿಲೇವಾರಿ ಮಾಡುವ ಬದಲು ಅರ್ಜಿದಾರನ ಪೆನ್ನು ಕಿತ್ತುಕೊಂಡ ಹಾಗೆ. ನಮ್ಮ ತಾಲ್ಲೂಕು ಕಚೇರಿಗಳಿಗೂ ಇಷ್ಟು ಚುರುಕು ಬುದ್ಧಿ ಹೊಳೆದಿಲ್ಲ. ಕಾಲಿನ ಮೇಲ್ಭಾಗದಲ್ಲಿ ನರ ಕತ್ತರಿಸಿದರೆ ಓಡಿಸುವಂತಿಲ್ಲ. ಕೆಳಭಾಗದಲ್ಲಿ ಕತ್ತರಿಸಿದರೆ ಓಡಿಸಬಹುದು, ಆದರೆ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು ಎನ್ನುತ್ತದೆ ನಿಯಮ. ಕುದುರೆಗೆ ಕಾಲಿನ ಸುದ್ದಿ ತಲುಪದಿದ್ದರೂ ಸಾರ್ವಜನಿಕರಿಗೆ ತಲುಪಿತಲ್ಲ!

ಇಷ್ಟಕ್ಕೆಲ್ಲ ಸರ್ಕಾರ ಸುಮ್ಮನಿದೆಯೇ ಎನ್ನಬೇಡಿ. 2020ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫೆಡರಲ್ ವಕೀಲರು ಬೆನ್ನೇರಿ ಓಡಿಸುವ, ಗಾಡಿ ಕಟ್ಟಿ ಓಡಿಸುವ ಎರಡೂ ಬಗೆಯ ರೇಸಿನ ಟ್ರೇನರುಗಳು, ವೈದ್ಯರು, ಔಷಧ ಮಾರುವವರು ಎಂದು 27 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ದೊಡ್ಡ ದೊಡ್ಡವರು ಜೈಲಿಗೆ ಹೋದರು. ಒಬ್ಬ ಪಶುವೈದ್ಯನಿಗೆ 11 ವರ್ಷ ಆಯಿತು. ಯಾವ ಕಲಮಿನಲ್ಲಿ ಎಂದಿರಿ? ಕುದುರೆಗೆ ಹಿಂಸೆ ಕೊಟ್ಟರೆಂದಲ್ಲ. ಕಲಬೆರಕೆ ಔಷಧ, ತಪ್ಪು ಲೇಬಲ್ಲು! ಸೀಸೆಯ ಮೇಲಿನ ಚೀಟಿಗೆ ಆದ ಅನ್ಯಾಯಕ್ಕೆ ಶಿಕ್ಷೆ ಆಯಿತು. ಸೀಸೆಯ ಒಳಗಿದ್ದುದನ್ನು ಚುಚ್ಚಿಸಿಕೊಂಡ ಪ್ರಾಣಿಯ ಪಾತ್ರ ಹೆಚ್ಚುಕಡಿಮೆ ಸಾಗಣೆ ವಾಹನದ್ದು.

ಅದೇ ವರ್ಷದ ಡಿಸೆಂಬರಿನಲ್ಲಿ ಕುದುರೆ ರೇಸಿನ ಪ್ರಾಮಾಣಿಕತೆ ಮತ್ತು ಸುರಕ್ಷತೆಗೆಂದೇ ಕಾಯಿದೆ ಬಂತು. 5,593 ಪುಟದ ಖರ್ಚುವೆಚ್ಚದ ಮಸೂದೆಯೊಳಗೆ, ಕೊರೊನಾ ಪರಿಹಾರದ ಪಕ್ಕದಲ್ಲಿ, ಹುಲ್ಲಿನ ಮೆದೆಯಲ್ಲಿ ಇಟ್ಟ ಮೊಟ್ಟೆಯಂತೆ. 2022ರ ಜುಲೈ 1ರಿಂದ ಜಾರಿ. ಆ ಕಾಯಿದೆಯ ಪ್ರಕಾರ ಕುದುರೆ ಎಂದರೆ ಥರೋಬ್ರೆಡ್, ಅಂದರೆ ಬೆನ್ನ ಮೇಲೆ ಜಾಕಿ ಕೂತು ಓಡಿಸುವ ರೇಸಿನ ತಳಿ. ಬೇರೆ ತಳಿಯವರು ತಾವಾಗಿ ಬಂದು 'ನಮ್ಮನ್ನೂ ಹಿಡಿಯಿರಿ' ಎಂದು ಅರ್ಜಿ ಕೊಟ್ಟರೆ ಸೇರಿಸಿಕೊಳ್ಳುತ್ತಾರೆ. ಗಾಡಿ ರೇಸಿನ ಸಂಘದವರು, ನಮ್ಮ ಕುದುರೆಗಳ ಮೈಕಟ್ಟೇ ಬೇರೆ, ಅವು ಓಡುವ ಕ್ರಮವೇ ಬೇರೆ, ನಮಗೆ ನಮ್ಮದೇ ನಿಯಮ ಬೇಕು ಎಂದರು. ಬೇರೆ ಇರುವುದು ನಿಜವೇ. ಥರೋಬ್ರೆಡ್‌ಗೆ ಓಟದ ನಡುವೆ ವಾರಗಟ್ಟಲೆ ವಿಶ್ರಾಂತಿ; ಇವುಗಳಲ್ಲಿ ಎಷ್ಟೋ ವಾರವಾರವೂ ಓಡುತ್ತವೆ, ಸಂತೆಗೆ ಹೋದ ಹಾಗೆ. ಹೆಚ್ಚು ದುಡಿಯುವವನಿಗೆ ಕಡಿಮೆ ಕಾನೂನು ಎನ್ನುವುದು ನಮ್ಮ ಗಾರೆ ಕೆಲಸದವರಿಗೂ ಗೊತ್ತಿರುವ ವಿಷಯ. ಬಹುಮಾನಕ್ಕೆ ಕೊರತೆಯಿಲ್ಲ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಂಥ ಕಡೆ ಅದರ ದೊಡ್ಡ ಪಾಲು ಜೂಜಿನ ಯಂತ್ರಗಳಿಂದ ಬರುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ನಗುವ ಮುಂಚೆ ನಮ್ಮ ಮನೆಯ ಹಂಚನ್ನೂ ಎಣಿಸಬೇಕು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಗಾಯಗೊಂಡ, ಕೈಲಾಗದ ಪ್ರಾಣಿಯನ್ನು ದುಡಿಸಿದರೆ ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮಸಾಲೆ ದೋಸೆಗೂ ಸಾಲದು. 2017ರಲ್ಲಿ ನಮ್ಮ ಶಾಸನಸಭೆ ಕಂಬಳದ ಕೋಣಕ್ಕೂ ಗಾಡಿ ಓಟದ ಎತ್ತಿಗೂ ಪ್ರತ್ಯೇಕ ತಿದ್ದುಪಡಿ ಬರೆಯಿತು. ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳ ಶರ್ಯತ್ತಿನಲ್ಲಿ ಗಾಡಿ ಎಳೆಯುವ ಕುದುರೆಯ ಹೆಸರು ಅದರಲ್ಲಿಲ್ಲ. ಗಾಡಿ ಕಟ್ಟಿದ ಕುದುರೆ ಕಾನೂನಿನ ಕಣ್ಣಿಗೆ ಬೀಳದಿರುವುದರಲ್ಲಿ ವಾಷಿಂಗ್ಟನ್ನಿಗೂ ವಿಧಾನಸೌಧಕ್ಕೂ ಸೋದರಸಂಬಂಧ.

ಕೊನೆಗೆ ನಿವೃತ್ತಿ. ಅಮೆರಿಕದಲ್ಲಿ ಹದಿನೈದು ತುಂಬಿದ ಸ್ಟ್ಯಾಂಡರ್ಡ್‌ಬ್ರೆಡ್ ಓಡುವಂತಿಲ್ಲ. ಫಾಯಿಲ್ಡ್ ಅಗೇನ್ ಎಂಬ ಹಿರಿಯ 331 ಸಲ ಓಡಿ, 109 ಸಲ ಗೆದ್ದು, 76 ಲಕ್ಷ ಡಾಲರ್ ದುಡಿದು 2018ರ ಕೊನೆಯ ದಿನ ಕೆಲಸ ಬಿಟ್ಟ. ಅವನು ಹೆಸರುವಾಸಿ, ಪರವಾಗಿಲ್ಲ. ಹೆಸರಿಲ್ಲದವಕ್ಕೆ ಆಯಸ್ಸು ಇನ್ನೂ ಹತ್ತು ವರ್ಷ ಇರುತ್ತದೆ, ಪಿಂಚಣಿ ಇರುವುದಿಲ್ಲ. ಕಾಲು ನೆಟ್ಟಗಿದ್ದರೆ ಕಾರು ಮುಟ್ಟದ ಆಮಿಷ್ ಪಂಗಡದವರು ತಮ್ಮ ಗಾಡಿಗೆ ಕೊಳ್ಳುತ್ತಾರೆ. ಟ್ರ್ಯಾಕಿನ ಮಣ್ಣು ಬಿಟ್ಟು ಡಾಂಬರು ರಸ್ತೆ. ಬಡ್ತಿಯೋ ಹಿಂಬಡ್ತಿಯೋ ಕಾಲೇ ಹೇಳಬೇಕು. ಕಾಲು ನೆಟ್ಟಗಿಲ್ಲದವು ಹರಾಜಿಗೆ. ಅಮೆರಿಕದ ಕೊನೆಯ ಮೂರು ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು, ದೇಶ ನಿಟ್ಟುಸಿರು ಬಿಟ್ಟಿತು; ಕುದುರೆಗಳು ಲಾರಿಯೇರಿ ಕೆನಡಾಕ್ಕೋ ಮೆಕ್ಸಿಕೊಗೋ ಹೊರಟವು. ಬಿಲ್ಲೆ ಈಗ ಗಡಿಯನ್ನೇ ದಾಟಿತು. ಈ ಕುದುರೆಗೆ ಕಷ್ಟ ಬಂದರೆ ನನಗೆ ತಿಳಿಸಿ ಎಂದು ಹಳೆಯ ಯಜಮಾನರು ದಾಖಲೆಯಲ್ಲಿ ಬರೆಸಬಹುದಾದ ಒಂದು ವ್ಯವಸ್ಥೆ ಇದೆ. ಒಳ್ಳೆಯದೇ, ಕಡ್ಡಾಯವಲ್ಲ. ಯಾವ ಕುದುರೆ ಎಂದು ಗುರುತಿಸಲು ಮಾತ್ರ ಯಾವ ತೊಡಕೂ ಇಲ್ಲ: ಕತ್ತಿನ ಮೇಲೆ ಮುದ್ರೆ, ಚರ್ಮದೊಳಗೆ ಗುರುತಿನ ಮೈಕ್ರೋಚಿಪ್. ಅದು ಯಾರೆಂದು ಎಲ್ಲರಿಗೂ ಗೊತ್ತು, ಯಾರದೆಂದು ಯಾರಿಗೂ ಗೊತ್ತಿಲ್ಲ.

ಅವತ್ತು ರಾತ್ರಿ ದಾರಿಯುದ್ದಕ್ಕೂ ಭಾವನಿಗೆ ಇದನ್ನೆಲ್ಲ ಒದರುತ್ತ ಬಂದೆ. ಅವರು "ಹೂಂ, ಹೂಂ" ಎನ್ನುತ್ತ ಕಾರು ಓಡಿಸಿದರು. ಮರುದಿನ ಬೆಳಿಗ್ಗೆ ಅಕ್ಕ ಒಗೆಯಲು ಹಾಕುವ ಮುಂಚೆ ನನ್ನ ಅಂಗಿಯ ಜೇಬು ತಡಕಿದಳು. ಒಂದು ಮುದುರಿದ ಚೀಟಿ ಸಿಕ್ಕಿತು. ಬಿಡಿಸಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದಳು: "ಎರಡು ಡಾಲರ್. ಆರನೇ ನಂಬರು. ಇದ್ಯಾರದೋ?"

ನಾನು ಭಾವನ ಕಡೆ ಕೈ ತೋರಿಸಿದೆ.