ಬೆಟ್ಟೆ ಮುರಿದ ಬಿಲ್ಲು

ಶಿರಸಿಯಲ್ಲಿ ಮಾವನ ಅಡಿಕೆ ವ್ಯಾಪಾರಕ್ಕೆ ಪಿಡಿಎಫ್ ಬಿಲ್ಲು ಮಾಡಿಕೊಡುವ ಪ್ರೋಗ್ರಾಮ್ ಬರೆಯಲು ಕೂತೆ. ಪುಟ ಸೇರಿಸು, ಫಾಂಟ್ ಹಾಕು, ಸೆಲ್ ಬರೆ. ಪಿಡಿಎಫ್ ಮಾಡುವ ರೆಡಿಮೇಡ್ ಲೈಬ್ರರಿಯ ಮೂರೇ ಫಂಕ್ಷನ್, ಅಷ್ಟೇ ಅಲ್ವಾ?

ಪಿಡಿಎಫ್‌ನ 14 ಮೂಲ ಫಾಂಟ್‌ಗಳಲ್ಲಿ ಒಂದಕ್ಕೂ ಕನ್ನಡ ಗೊತ್ತಿಲ್ಲ! ಸರಿ, ನೋಟೋ ಸಾನ್ಸ್ ಕನ್ನಡ ಫಾಂಟ್ ತಂದು ತುರುಕಿದೆ. ಬಿಲ್ಲಿನಲ್ಲಿ ಅಡಿಕೆಯ ಬಗೆಗಳ ಹೆಸರು ನೋಡಿದರೆ, ‘ಚಾಲಿ’ಯ ಗುಡಿಸು ಪಕ್ಕಕ್ಕೆ ಹಾರಿ ಕೂತಿತ್ತು. ಬೆಟ್ಟೆ ಅಂತೂ ‘ಬೆಟ್‌ಟೆ’ ಆಗಿ ಮುರಿದುಬಿದ್ದಿತ್ತು. ಒತ್ತಕ್ಷರವನ್ನು ಕೆಳಗೆ ಕೂರಿಸಲು ಹಾರ್ಫ್‌ಬಝ್ ಥರದ, ಅಕ್ಷರ ಜೋಡಿಸುವ ತಂತ್ರಾಂಶ ಬೇಕಂತೆ. ಅದನ್ನು ಎಬ್ಬಿಸಲು ಇನ್ನೊಂದು ಫಂಕ್ಷನ್, ಲೈಬ್ರರಿಯ ಕೈಪಿಡಿಯ ಯಾವುದೋ ಮೂಲೆಯಲ್ಲಿ. ಎರರ್ ಆದರೂ ಕೊಡಬಾರದಾ? ಇಲ್ಲ, ಸುಮ್ನೆ ತಪ್ಪುತಪ್ಪಾಗಿ ಪ್ರಿಂಟ್ ಆಗುತ್ತದೆ.

ಮಾವ ಕನ್ನಡಕ ಏರಿಸಿ ನೋಡಿದರು. “ಇದ್ಯಾವ ಅಡಿಕೆ ಮಾರಾಯ?” ಅಂದರು.